ಮೂರನೆಯ ಸಲ ಬಂದ ಜ್ವರ

“ಗುರುಗಳೇ, ಕೋಪ ಬಂದಾಗಲೆಲ್ಲ ನಾನು ಉಪವಾಸ ಹಿಡಿಯುತ್ತೇನೆ. ಈ ಮಠದಲ್ಲಿ ನನ್ನಷ್ಟು ಉಪವಾಸ ಮಾಡಿದವರು ಇನ್ನೊಬ್ಬರಿಲ್ಲ. ಆದರೂ ಕೋಪ ಮರಳಿ ಬರುತ್ತದಲ್ಲ, ಏಕೆ?” ಎಂದು ಮುರಿಗೆಪ್ಪನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದು; ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಆಡು ಸಾಕುವವನೊಬ್ಬ ಜ್ವರದಿಂದ ಮಲಗಿದಾಗ ಅವನ ಹೆಂಡತಿ ಬಂದು ಕರೆದಳು. ವೈದ್ಯ ಪುಡಿ ಕಟ್ಟಿಕೊಟ್ಟು, ಆಡಿನ ಹಸಿ ಹಾಲಿನಲ್ಲಿ ಕಲಸಿ ಕುಡಿಸಲು ಹೇಳಿದ. ಜ್ವರ ಬಿಟ್ಟಿತು. ಹದಿನೈದು ದಿನಕ್ಕೆ ಮತ್ತೆ ಬಂತು. ಪುಡಿ ಹೆಚ್ಚಿಸಿದ. ಬಿಟ್ಟಿತು, ಮತ್ತೆ ಬಂತು. ಈ ಮೂರನೆಯ ಸಲಕ್ಕೆ ರೋಗಿ ಎದ್ದು ಕೂರಲಾರದಷ್ಟು ಸೊರಗಿದ್ದ.

“ಪುಡಿ ಸಾಕು ಸ್ವಾಮಿ,” ಎಂದಳು ಹೆಂಡತಿ. “ಈ ಜ್ವರ ಎಲ್ಲಿಂದ ಬರ್ತೈತೆ, ಅದನ್ನ ಹೇಳಿ. ಇನ್ನೊಂದು ಸಲ ಬಂದ್ರೆ ಅವರು ಉಳಿಯಲ್ಲ.”

ಆ ಮಾತು ವೈದ್ಯನಿಗೆ ನಾಟಿತು. ಕಾರಣ ಸಿಗುವವರೆಗೆ ಈ ಮನೆ ಬಿಟ್ಟು ಕದಲುವುದಿಲ್ಲ ಎಂದು ಅವರ ಜಗುಲಿಯ ಮೇಲೆಯೇ ಉಳಿದ. ಕುಡಿಯುವ ನೀರು ನೋಡಿದ, ಚೊಕ್ಕವಾಗಿತ್ತು. ಹಿಟ್ಟಿನ ಮಡಕೆಗೆ ಕೈಹಾಕಿದ, ಹಾಸಿಗೆ ಕೊಡವಿದ, ಹಿತ್ತಲ ಹೊಂಡ ಕೆದಕಿದ. ಏನೂ ಸಿಗಲಿಲ್ಲ. ಬೇರೆ ರೋಗಿಗಳು ಹೇಳಿ ಕಳಿಸಿದರೂ ಹೋಗಲಿಲ್ಲ.

ಮೂರನೆಯ ಬೆಳಿಗ್ಗೆ ಕೊಟ್ಟಿಗೆಗೆ ಹೋದ. ಆಡುಗಳು ಬಹಳ, ಮರಿಗಳು ಎರಡೇ.

“ಉಳಿದ ಮರಿಗಳೆಲ್ಲಿ?” ಎಂದ.

“ದಿನ ತುಂಬೋಕೆ ಮುಂಚೆ ಹಾಕಿಬಿಟ್ವು, ಎಲ್ಲಾ ಸತ್ತವು,” ಎಂದಳು ಹಾಲು ಕರೆಯುತ್ತಿದ್ದ ಹೆಂಡತಿ.

ವೈದ್ಯ ಅವಳ ಕೈಯ ಬಟ್ಟಲು ನೋಡಿದ. “ಈ ಹಾಲು ಯಾರು ಕುಡಿಯುತ್ತೀರಿ?”

“ನಾನು ಕಾಯಿಸಿ ಕುಡೀತೀನಿ. ಅವರು ಮೇಯಿಸೋಕೆ ಹೋದಾಗ ಹಸೀದನ್ನೇ ಕರ್ಕೊಂಡು ಕುಡಿಯೋರು. ಮಲಗಿದ ಮೇಲೆ ಬಿಡಿಸೋಣ ಅಂತಿದ್ದೆ. ಔಷಧಿಗೆ ಹಸಿ ಹಾಲೇ ಆಗಬೇಕು ಅಂದ್ರಲ್ಲ ನೀವು.”

ವೈದ್ಯನಿಗೆ ನಾಚಿಕೆಯಾಯಿತು. ಮನೆಯೆಲ್ಲ ತಡಕಾಡಿದವನು ತನ್ನ ಮಾತೊಂದನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಬಟ್ಟಲನ್ನು ಇಸಿದುಕೊಂಡು ಒಲೆಯನ್ನು ತಾನೇ ಹೊತ್ತಿಸಿದ. “ತಪ್ಪು ನನ್ನದು ತಾಯಿ. ಆಡುಗಳಿಗೇ ರೋಗವಿದೆ, ಅದು ಹಸಿ ಹಾಲಿನಿಂದ ಇವನಿಗೆ ಬರುತ್ತಿದೆ. ಇನ್ನು ಉಕ್ಕಿ ಬಂದ ಹಾಲಲ್ಲೇ ಪುಡಿ ಕಲಸು,” ಎಂದ. ಪುಡಿ ಅದೇ ಆಗಿತ್ತು. ಜ್ವರ ಮರಳಲಿಲ್ಲ.

ಕತೆ ಕೇಳಿ ಮುರಿಗೆಪ್ಪ ನಕ್ಕ. “ಇಷ್ಟು ಸಣ್ಣ ಸಂಗತಿ ಆ ವೈದ್ಯನಿಗೆ ಮೊದಲೇ ಹೊಳೆಯಬೇಡವೇ? ನಾನಾಗಿದ್ದರೆ ಮೊದಲ ದಿನವೇ ಕಂಡುಹಿಡಿಯುತ್ತಿದ್ದೆ.”

ಗುರುಗಳು ಕೇಳಿದರು: “ನಿನ್ನ ಉಪವಾಸವನ್ನು ನೀನು ಯಾವ ಹಾಲಿನಲ್ಲಿ ಕಲಸಿ ಕುಡಿಯುತ್ತಿದ್ದೀಯೆ, ಮುರಿಗೆಪ್ಪ?”