ಬಣ್ಣಗಾರರ ಓಣಿಯ ಕೋಣೆ

ಶಿಷ್ಯ ಕೇಳಿದ: "ಬುದ್ಧಿ, ಎರಡು ದಿನದ ಮಟ್ಟಿಗೆ ಪಟ್ಟಣಕ್ಕೆ ಹೋಗಿ ಬರಬೇಕು. ಯಾವ ಬಡಾವಣೇಲಿ ಇಳ್ಕೊಂಡ್ರೆ ಒಳ್ಳೇದು? ಯಾವ ಲಾಡ್ಜು ಹಿಡೀಲಿ?"

ಶಿಷ್ಯನ ಹೆಸರು ಕೊಟ್ರಯ್ಯ. ಹಗಲು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ, ಸಂಜೆ ಗುರುಗಳ ಬಳಿ ಕೂತು ಓದುತ್ತಿದ್ದ. ಈ ಒಂದು ಪ್ರಶ್ನೆಯನ್ನು ಅವನು ಮಠದಲ್ಲಿ ಯಾರನ್ನೂ ಬಿಡದೆ ಕೇಳಿ ಮುಗಿಸಿದ್ದ. ಅಡುಗೆಯವರು ಒಂದು ಹೇಳಿದ್ದರು, ಗುಮಾಸ್ತರು ಒಂದು ಹೇಳಿದ್ದರು. ಕೊನೆಗೆ ಫೋನು ಹಿಡಿದು ಗುರುಗಳ ಮುಂದೆಯೇ ಬಂದು ಕೂತಿದ್ದ.

"ಬಸ್ ಸ್ಟ್ಯಾಂಡಿನ ಹತ್ರ ಆದ್ರೆ ಗಲಾಟೆ. ಮಾರುಕಟ್ಟೆ ಕಡೆ ಸೊಳ್ಳೆ ಅಂತಾರೆ. ಹೊಸ ಬಡಾವಣೇಲಿ ಒಂದಿದೆ, ಯಾವಾಗಲೂ ಬಿಸಿನೀರು, ಬೆಳಗಿನ ತಿಂಡಿ ಅವರದೇ. ಹೋಗಿ ಬಂದವರೆಲ್ಲ ಚೆನ್ನಾಗಿ ಬರೆದಿದ್ದಾರೆ. ಇಲ್ನೋಡಿ ಬುದ್ಧಿ, ಕಿಟಕಿ ತೆಗೆದ್ರೆ ಪಾರ್ಕು."

ಗುರುಗಳು ಚಿತ್ರ ನೋಡಲಿಲ್ಲ. "ಯಾತಕ್ಕೆ ಹೋಗ್ತಿದ್ದೀಯ?" ಎಂದರು.

"ಅಕ್ಕ ಅಲ್ಲಿದ್ದಾಳಲ್ಲ. ಬಂದು ಹೋಗು ಅಂತ ಮೇಲಿಂದ ಮೇಲೆ ಫೋನು ಮಾಡ್ತಿದ್ದಾಳೆ. ಅವಳ ಮನೆ ಚಿಕ್ಕದಂತೆ, ಮಲಗೋಕೆ ಜಾಗ ಇಲ್ವಂತೆ. ಅದಕ್ಕೇ ಲಾಡ್ಜು."

"ಯಾಕೆ ಬಾ ಅಂದ್ಲು?"

"ಬಂದ್ಮೇಲೆ ಹೇಳ್ತೀನಿ ಅಂದ್ಲು. ಏನೋ ಮನೆ ವಿಷಯ ಇರಬೇಕು." ಕೊಟ್ರಯ್ಯ ಮತ್ತೆ ಫೋನು ಮುಂದೆ ಚಾಚಿದ. "ಹಾಗಾದ್ರೆ ಪಾರ್ಕಿನ ಕಡೇದೇ ಹಿಡೀಲಾ ಬುದ್ಧಿ?"

ಗುರುಗಳು ಫೋನನ್ನು ಅವನ ಕೈಯಿಂದ ತೆಗೆದು ಚಾಪೆಯ ಮೇಲೆ ಬೋರಲು ಹಾಕಿದರು. ಅವರಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ಅವರು ಕೂಗಾಡುತ್ತಿರಲಿಲ್ಲ. ಮಾತು ಮೊಟಕಾಗುತ್ತಿತ್ತು, ಅಷ್ಟೇ. ಅದನ್ನು ಕಂಡರೆ ಮಠದಲ್ಲಿ ಎಲ್ಲರಿಗೂ ಹೆದರಿಕೆ.

"ಕೂತ್ಕೋ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನಿಗೆ ಒಬ್ಬಳೇ ಮಗಳು. ಅವಳನ್ನು ಪಟ್ಟಣದ ಬಣ್ಣಗಾರರ ಮನೆಗೆ ಮದುವೆ ಮಾಡಿಕೊಟ್ಟಿದ್ದ. ಹುಡುಗ ಒಳ್ಳೆಯವನೆಂದು ಕೊಟ್ಟನೋ, ತನ್ನ ಬಟ್ಟೆಗೆ ಬಣ್ಣ ಹಾಕಿಸುವುದು ಸಲೀಸಾಗಲೆಂದು ಕೊಟ್ಟನೋ, ಅವನನ್ನೇ ಕೇಳಬೇಕು. ಮದುವೆಯ ನಂತರ ಅವನ ಅಂಗಡಿಯ ಕೆಂಪು ಸೀರೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಯಿತು.

ಅವರ ಕುಲದಲ್ಲಿ ಒಂದು ಪದ್ಧತಿಯಿತ್ತು. ಮಗಳಿಗೆ ಮಗುವಾಗುವವರೆಗೆ ತಂದೆ ಅವಳ ಗಂಡನ ಮನೆಯಲ್ಲಿ ಉಣ್ಣುವಂತಿಲ್ಲ, ಮಲಗುವಂತಿಲ್ಲ. ನೋಡಲು ಹೋದರೆ ಹೊರಗೆ ಬಿಡಾರ ಮಾಡಬೇಕು. ಬಿಡಾರದ ಕೋಣೆಯನ್ನು ಮಗಳೇ ಗುಡಿಸಿ ಸಾರಿಸಬೇಕು. ತವರಿನಿಂದ ತಂದ ಬುತ್ತಿಯನ್ನು ಅವಳೇ ಅಲ್ಲಿಗೆ ಬಂದು, ತಂದೆಯ ಎದುರು ಕೂತು ಬಿಚ್ಚಬೇಕು. ಆ ಹೊತ್ತಿನಲ್ಲಿ ಗಂಡನ ಮನೆಯವರು ಯಾರೂ ಜೊತೆಗೆ ಬರುವಂತಿಲ್ಲ. ಹೊಸ ಸೊಸೆಯೊಬ್ಬಳು ಅತ್ತೆಯ ಕಿವಿಗೆ ಬೀಳದಂತೆ ನಾಲ್ಕು ಮಾತಾಡಲು ಸಿಗುವ ಹೊತ್ತು ಅದೊಂದೇ. ಯಾವ ಪುಣ್ಯಾತ್ಮರು ಮಾಡಿದ ಪದ್ಧತಿಯೋ, ತಿಳಿದೇ ಮಾಡಿದ್ದರು. ಆದರೆ ಹೊಸ ಸೊಸೆ ತನ್ನ ಓಣಿಯನ್ನು ದಾಟುವಂತಿರಲಿಲ್ಲ. ಆದ್ದರಿಂದ ಮಗಳನ್ನು ಕೊಟ್ಟವರೆಲ್ಲ ಆ ಓಣಿಯಲ್ಲೇ ಬಿಡಾರ ಹುಡುಕುತ್ತಿದ್ದರು.

ವರ್ಷ ತುಂಬುವ ಮೊದಲೇ ಮಗಳು ಹೇಳಿ ಕಳಿಸಿದಳು. ಊರೂರು ತಿರುಗಿ ಬಳೆ ತೊಡಿಸುವ ಹೆಂಗಸೊಬ್ಬಳು ಆ ಮಾತು ತಂದಳು. "ಅಪ್ಪ ಬಂದು ಹೋಗಲಿ. ನಮ್ಮ ಓಣಿಯಲ್ಲೇ ಇಳಿಯಲಿ. ಎದುರು ಮನೆಯ ಅಜ್ಜಿಗೆ ಹೇಳಿ ಕೋಣೆ ಗೊತ್ತು ಮಾಡಿದ್ದೇನೆ." ಇಷ್ಟೇ ಮಾತು. ಅತ್ತೆ ಬಳೆಯ ಮಲಾರ ನೋಡುತ್ತ ಮೈಮರೆತಿದ್ದಾಗ ಇಷ್ಟು ಹೇಳಲು ಮಾತ್ರ ಸಮಯ ಸಿಕ್ಕಿತ್ತು.

ವ್ಯಾಪಾರಿಗೆ ಸಂತೋಷವಾಯಿತು. ಹೆಂಡತಿ ಬುತ್ತಿ ಕಟ್ಟಿದಳು. ಮಗಳಿಗೆ ಇಷ್ಟವೆಂದು ಶೇಂಗಾ ಹೋಳಿಗೆ ಮಾಡಿದಳು. ಅವನು ಗಾಡಿ ಹೂಡಿಸಿಕೊಂಡು ಪಟ್ಟಣಕ್ಕೆ ಬಂದ.

ಬಣ್ಣಗಾರರ ಓಣಿಯ ಬಾಯಿಗೆ ಬಂದಾಗ ಅವನು ಮೂಗು ಮುಚ್ಚಿಕೊಂಡ. ಮನೆಮನೆಯ ಮುಂದೆ ಬಣ್ಣದ ಬಾನಿಗಳು, ಕುದಿಯುವ ಹಂಡೆಗಳು. ಚರಂಡಿಯಲ್ಲಿ ಕೆಂಪು ನೀರು, ನೀಲಿ ನೀರು. ಅಜ್ಜಿಯ ಮನೆಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಇಣುಕಿದ. ಕೋಣೆ ಚಿಕ್ಕದು. ಸೆಗಣಿಯಿಂದ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಎಳೆದಿತ್ತು. ಮೂಲೆಯಲ್ಲಿ ತುಂಬಿದ ಕೊಡ, ಅದರ ಮೇಲೆ ತಂಬಿಗೆ. ಯಾರು ಗುಡಿಸಿದರು, ಯಾರು ನೀರು ತುಂಬಿಟ್ಟರು ಎಂದು ಅವನು ಕೇಳಲಿಲ್ಲ.

"ಈ ವಾಸನೇಲಿ ಮನುಷ್ಯರು ನಿದ್ದೆ ಮಾಡೋದುಂಟಾ?" ಎಂದ. ಅಜ್ಜಿಗೆ ಕೇಳುವಂತೆಯೇ ಅಂದ. ಗಾಡಿ ತಿರುಗಿಸಿದ.

ಅವನ ಅಂಗಡಿಯ ಕೆಂಪು ಸೀರೆ ಬರುತ್ತಿದ್ದದ್ದು ಆ ಚರಂಡಿಯ ಪಕ್ಕದಿಂದಲೇ. ಮಗಳನ್ನು ಕೊಡುವಾಗ ಆ ವಾಸನೆ ಬಂದಿರಲಿಲ್ಲ. ಮಗಳು ಅದರಲ್ಲಿ ಜೀವಮಾನವೆಲ್ಲ ಕಳೆಯಬೇಕು ಎಂದಾಗ ಬಂದಿರಲಿಲ್ಲ. ತಾನು ಎರಡು ರಾತ್ರಿ ಮಲಗಬೇಕು ಎಂದಾಗ ಬಂತು. ಇಂಥ ಮೂಗಿಗೆ ಏನು ಹೇಳೋಣ?

ಅವನು ಗುಡಿಯ ಬೀದಿಗೆ ಹೋದ. ಅಲ್ಲಿಯ ಛತ್ರದಲ್ಲಿ ಜಾಗವಿತ್ತು, ಗಂಟೆಯ ಸದ್ದು ಹೆಚ್ಚೆನಿಸಿತು. ಕೋಟೆಯ ಬಾಗಿಲ ಬಳಿ ಹೋದ. ಕೋಣೆ ದೊಡ್ಡದಿತ್ತು, ಕಿಟಕಿ ಪಡುವಣಕ್ಕಿತ್ತು, ಸಂಜೆಬಿಸಿಲು ಹೊಡೆಯುತ್ತದೆ ಎಂದು ಬಿಟ್ಟ. ದಾರಿಯಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸಿದ. ಹೊತ್ತು ಇಳಿಯುತ್ತ ಬಂತು. ಅಷ್ಟು ಹೊತ್ತೂ ಬುತ್ತಿ ಗಾಡಿಯಲ್ಲೇ ಇತ್ತು. ಕೊನೆಗೆ ಊರಾಚೆ ಕೆರೆಯ ಬದಿಯಲ್ಲಿ ಒಂದು ಬಿಡಾರ ಸಿಕ್ಕಿತು. ತಣ್ಣನೆಯ ಗಾಳಿ, ಎತ್ತರದ ಮಂಚ, ಒಳ್ಳೆಯ ಅಡುಗೆ. ದೊಡ್ಡ ದೊಡ್ಡ ಸಾಹುಕಾರರು ಬಂದಾಗ ಇಳಿಯುವ ಜಾಗವದು. ನಾಳೆ ಬೀಗರು ಎಲ್ಲಿ ಇಳಿದಿರಿ ಎಂದು ಕೇಳಿದರೆ ಹೇಳಿಕೊಳ್ಳಲೂ ಚೆನ್ನಾಗಿರುತ್ತದೆ ಎಂದುಕೊಂಡ. ಆ ರಾತ್ರಿ ಅವನಿಗೆ ಸೊಗಸಾದ ನಿದ್ದೆ ಬಂತು.

ಮರುದಿನ ಮಗಳ ಮನೆಗೆ ಹೋಗಿ ಹೊರಜಗಲಿಯಲ್ಲಿ ಕೂತ. ಬುತ್ತಿಯ ಗಂಟನ್ನು ಅಲ್ಲೇ ಕೊಟ್ಟ. ಅತ್ತೆ ಅದನ್ನು ತೆಗೆದುಕೊಂಡು ಒಳಗಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತಳು. ಅವನು ಏಳುವವರೆಗೂ ಅಲ್ಲಿಂದ ಕದಲಲಿಲ್ಲ. ಮಗಳು ಅವಳ ಹಿಂದೆ ನಿಂತಿದ್ದಳು. ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಗಂಡನ ಮನೆಯಲ್ಲಿ ಎಷ್ಟು ಮರ್ಯಾದೆ ಕಲಿತಿದ್ದಾಳೆ ಎಂದು ವ್ಯಾಪಾರಿ ಹಿಗ್ಗಿದ.

"ಎಲ್ಲಿ ಇಳಿದಿದ್ದೀಯಪ್ಪಾ?" ಎಂದು ಮಗಳು ಕೇಳಿದಳು.

"ಕೆರೆ ಬದೀಲಿ, ಮಗಳೇ. ಏನು ಗಾಳಿ ಅಂತೀಯ!"

"ನಾನು ಕೋಣೆ ಸಾರಿಸಿದ್ದೆ."

"ಅದು ನಮಗೆ ಸರಿಹೋಗೋ ಜಾಗ ಅಲ್ಲಮ್ಮ. ದೂರ ಆದರೇನು, ಗಾಡಿ ಇದೆಯಲ್ಲ."

"ಗಾಡಿ ನಿನಗಿದೆ, ಅಪ್ಪ."

ವ್ಯಾಪಾರಿ ನಕ್ಕ. ಮಗಳಿಗೆ ಮಾತು ಬಂದಿದೆ ಎಂದು ಬೀಗಿತ್ತಿಗೆ ಹೇಳಿದ. ಬೀಗಿತ್ತಿಯೂ ನಕ್ಕಳು. ಇನ್ನೂ ಒಂದು ರಾತ್ರಿ ಕೆರೆಯ ಗಾಳಿಯಲ್ಲಿ ಮಲಗಿ, ಬೆಳಿಗ್ಗೆ ಊರಿಗೆ ಹೊರಟ.

ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಬುತ್ತಿ ಬಿಚ್ಚಿದ್ಲಾ? ಏನಂದ್ಲು?" ಎಂದು ಕೇಳಿದಳು. ಅವನು ಮಂಚದ ಎತ್ತರ ಹೇಳಿದ, ಅಡುಗೆಯ ರುಚಿ ಹೇಳಿದ. ಅವಳು ಮತ್ತೆ ಕೇಳಿದಳು. ಅವನು ಕೆರೆಯ ಗಾಳಿ ಹೇಳಿದ. ಅಂಗಡಿಗೆ ಬಂದವರಿಗೂ ಅದನ್ನೇ ಹೇಳಿದ. ಪಟ್ಟಣಕ್ಕೆ ಹೋಗುವವರು ಎಲ್ಲಿ ಇಳಿಯಬೇಕೆಂದು ಅವನನ್ನೇ ಕೇಳುವಂತಾಯಿತು. ಆ ಬಿಡಾರ ಹುಡುಕಿದ್ದನ್ನೇ ಒಂದು ಸಾಧನೆ ಮಾಡಿಕೊಂಡ ಆ ಮಹಾನುಭಾವ!

ಬೇಸಗೆಗೆ ಬಳೆಯ ಹೆಂಗಸು ಮತ್ತೆ ಊರಿಗೆ ಬಂದಳು. ನೇರ ಅಂಗಡಿಗೆ ಬಂದು, "ನಿಮ್ಮ ಮಗಳಿಗೆ ಬಳೆ ತೊಡಿಸೋಕಾಗಲಿಲ್ಲ. ಮುಂಗೈ ಎರಡೂ ಬೆಂದು ಊದಿಕೊಂಡಿವೆ. ಹಳೇ ಸುಟ್ಟ ಗಾಯದ ಮೇಲೆ ಹೊಸ ಗಾಯ. ಹಂಡೆಯ ಬಿಸಿನೀರಿಗೆ ಯಾರಾದರೂ ಬೇಕಂತ ಕೈ ಅದ್ದುತ್ತಾರಾ?" ಎಂದಳು.

ಆಗ ಅವನಿಗೆ ಸೆರಗಿನೊಳಗಿನ ಕೈ ನೆನಪಾಯಿತು. ಗಾಡಿ ಹೂಡಿಸಿದ. ಈ ಸಲ ಯಾರನ್ನೂ ದಾರಿ ಕೇಳಲಿಲ್ಲ, ಎಲ್ಲಿಯೂ ಕೋಣೆ ನೋಡಲಿಲ್ಲ. ನೇರ ಬಣ್ಣಗಾರರ ಓಣಿಗೆ ಬಂದ. ಮಗಳ ಮನೆಯ ಬಾಗಿಲು ಹಾಕಿತ್ತು. ಎದುರು ಮನೆಯ ಅಜ್ಜಿ ಜಗಲಿಯಲ್ಲಿ ಕೂತಿದ್ದಳು.

"ಕಾಲು ಜಾರಿ ಹಂಡೆಗೆ ಬಿದ್ದಳು ಅಂತ ಅವರು ಹೇಳ್ತಾರೆ. ನಿನ್ನೆ ಮಣ್ಣು ಮಾಡಿ ಬಂದರು" ಎಂದಳು ಅಜ್ಜಿ.

ವ್ಯಾಪಾರಿ ಬೀದಿಯಲ್ಲೇ ಕುಸಿದು ಕೂತ. ಎಷ್ಟು ಹೊತ್ತು ಅತ್ತನೋ. ಆಮೇಲೆ ಎದ್ದು ಅಜ್ಜಿಯ ಕೋಣೆಯ ಹೊಸ್ತಿಲಿಗೆ ಬಂದ. ಮಗಳು ಎಳೆದ ರಂಗೋಲಿ ಅಳಿಸಿಹೋಗಿತ್ತು. ಕೊಡ ಅದೇ ಮೂಲೆಯಲ್ಲಿತ್ತು, ಬರಿದಾಗಿತ್ತು.

"ಅಜ್ಜಿ, ಇವತ್ತು ಇಲ್ಲೇ ಮಲಗಲಾ?" ಎಂದು ಕೇಳಿದ.

ಅಜ್ಜಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಈಗ ವಾಸನೆ ಬರಲ್ವಾ?" ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯನ ಕಣ್ಣಲ್ಲಿ ನೀರಿತ್ತು.

"ಪಾಪ ಆ ತಂದೆ, ಬುದ್ಧಿ" ಎಂದ. "ಅವನಿಗಾದರೂ ಏನು ಗೊತ್ತಿತ್ತು? ಮಗಳು ಬಾಯಿ ಬಿಟ್ಟು ಹೇಳಲಿಲ್ಲವಲ್ಲ."

"ಪಾಪವಂತೆ, ಪಾಪ!" ಎಂದೂ ಕೂಗಾಡದ ಗುರುಗಳು ಚಾಪೆಯ ಮೇಲೆ ಅಂಗೈ ಬಡಿದರು. "ಅವನಿಗಾಗಿ ಅಳ್ತೀಯಾ? ಓಣಿಯಲ್ಲೇ ಇಳಿ ಅಂತ ಹೇಳಿ ಕಳಿಸಿದ್ಲು, ಅದು ಹೇಳಿದ್ದಲ್ವಾ? ಕೋಣೆ ಸಾರಿಸಿದ್ದೆ ಅಂದ್ಲು, ಅದು ಹೇಳಿದ್ದಲ್ವಾ? ಅತ್ತೆಯನ್ನ ಎದುರಿಗೆ ನಿಲ್ಲಿಸ್ಕೊಂಡು ಹೆಣ್ಣುಮಗಳು ಇನ್ನೆಷ್ಟು ಹೇಳಬೇಕು? ಗೊತ್ತಿರಲಿಲ್ಲ ಅಂತೆ! ಕೋಟೆ ಬಾಗಿಲ ಕಿಟಕಿ ಯಾವ ದಿಕ್ಕಿಗೆ ಅಂತ ಗೊತ್ತಿತ್ತು. ಮಂಚ ಎಷ್ಟು ಎತ್ತರ ಅಂತ ಗೊತ್ತಿತ್ತು. ಊರೆಲ್ಲ ವಿಚಾರಿಸೋಕೆ ನಾಲಿಗೆ ಇತ್ತು. ಮಗಳನ್ನ ಒಂದು ಮಾತು, ಯಾಕಮ್ಮ ಬಾ ಅಂದೆ ಅಂತ ಕೇಳೋಕೆ ಇರಲಿಲ್ಲ!"

ಕೊಟ್ರಯ್ಯ ತಲೆ ತಗ್ಗಿಸಿದ. ಕಣ್ಣೊರೆಸಿಕೊಂಡು, "ನಾನು ಅಷ್ಟು ದೂರ ಇಳಿಯಲ್ಲ ಬುದ್ಧಿ. ಹೊಸ ಬಡಾವಣೆಯಿಂದ ಎಲ್ಲಾ ಕಡೆಗೂ ಆಟೋ ಸಿಗುತ್ತಂತೆ" ಎಂದ.

ಗುರುಗಳು ಬೋರಲು ಬಿದ್ದಿದ್ದ ಫೋನನ್ನು ಎತ್ತಿ ಅವನ ಕೈಗಿಟ್ಟರು. ಬೆರಳು ತಾಕಿದೊಡನೆ ಪಾರ್ಕಿನ ಕಿಟಕಿ ಅದರಲ್ಲಿ ಮತ್ತೆ ಬೆಳಗಿತು.

"ಬಸ್ ಸ್ಟ್ಯಾಂಡಿನ ಸುದ್ದಿ ಹೇಳಿದೆ, ಮಾರುಕಟ್ಟೆ ಸುದ್ದಿ ಹೇಳಿದೆ, ಪಾರ್ಕಿನ ಸುದ್ದಿ ಹೇಳಿದೆ; ನಿನ್ನ ಅಕ್ಕನ ಮನೆ ಯಾವ ಬೀದೀಲಿದೆ, ಕೊಟ್ರಯ್ಯ?"

ಕೊಟ್ರಯ್ಯ ಬಾಯಿ ತೆರೆದ. ಹೆಸರು ಬರಲಿಲ್ಲ.