ಗಂಟಿನ ಬಾವಿ

ಬಾವಿಯ ಬಾಯಿಗೆ ಸುತ್ತ ಹಾಸುವ ಕಲ್ಲಿಗೆ ನಮ್ಮೂರಲ್ಲಿ ಒಂದು ಹೆಸರಿತ್ತು. ದಂಡೆಗಲ್ಲೋ, ದಡಗಲ್ಲೋ, ಮದುವೆಯಾಗಿ ನಾಗಪುರಕ್ಕೆ ಬಂದ ಮೇಲೆ ನಾಲಿಗೆಯಿಂದ ಜಾರಿಹೋಗಿದೆ. ದಾವಣಗೆರೆ ಸೀಮೆಯ ಹತ್ತಿಗೊಂದಿಯಲ್ಲಿ, ಊರ ಹೊರಗಿನ ಕೇರಿಯ ಬಾವಿಗೆ ಅಂಥ ಕಲ್ಲುಗಳಿವೆ. ಒಂದರ ಮೇಲೆ ರುಮಾಲು ಕೆತ್ತಿದೆ, ರುಮಾಲಿನ ಸೆರಗಿನಲ್ಲಿ ಒಂದು ಗಂಟು. ಜನ ಅದನ್ನು ಗಂಟಿನ ಬಾವಿ ಎನ್ನುತ್ತಾರೆ.

ಹಿಂದೆ, ಮಹಾರಾಜರ ಕಾಲದಲ್ಲಿ, ಆ ಊರಿನ ಹತ್ತಿ ಬಿಡಿಸುವ ಕಾರ್ಖಾನೆ, ಜಿನ್ನು, ನಮ್ಮಜ್ಜ ನಂದ್ಯಪ್ಪನವರದು. ರಾಜಧಾನಿಯ ಸಭೆಗೆ ನಮ್ಮ ಸೀಮೆಯ ಪ್ರತಿನಿಧಿಯೂ ಅವರೇ. ಸಭೆಗೆ ಹೊರಟ ದಿನ ಕೇರಿಯ ದುರುಗವ್ವ ಬಂಡಿಗೆ ಅಡ್ಡ ನಿಂತು, "ನಮ್ಮ ಕೇರಿಗೊಂದು ಸರ್ಕಾರಿ ಬಾವಿ ಕೇಳ್ರಿ ಸಾವ್ಕಾರ್ರೇ. ಹಳ್ಳದ ನೀರು ಕುಡಿದು ಮಕ್ಕಳು ಉಳೀತಿಲ್ಲ. ಮರೀಬಾರ್ದು, ಗಂಟು ಹಾಕ್ಕಳ್ರಿ" ಎಂದಳು. ನೆನಪಿಗೆಂದು ಸೆರಗಿಗೆ ಗಂಟು ಹಾಕಿ, ಕೆಲಸ ಮುಗಿದ ಮೇಲೆ ಬಿಚ್ಚುವುದು ಅಲ್ಲಿಯ ರೂಢಿ. ಅಜ್ಜ ನಕ್ಕು, "ಕೇಳ್ತೀನವ್ವಾ" ಎಂದು ಜರಿರುಮಾಲಿನ ಸೆರಗಿಗೆ ಗಂಟು ಹಾಕಿದರು. ಸಭೆಯಲ್ಲಿ ಒಬ್ಬೊಬ್ಬರಿಗೆ ಒಂದೇ ಬಿನ್ನಹ. ಅವರು ಜಿನ್ನಿನ ಬಾಗಿಲವರೆಗೆ ರೈಲು ಹಳಿ ಕೇಳಿ ಕೂತರು. ಮರಳಿದಾಗ ಊರು ಹಾರ ಹಾಕಿತು. ದೂರ ನಿಂತ ದುರುಗವ್ವ, "ಗಂಟು ಹಂಗೇ ಐತಲ್ರೀ?" ಎಂದಳು. "ಕೇಳೀನವ್ವಾ, ಬಿಚ್ಚೋದು ಮರೆತೆ." "ಮುಟ್ಟೋ ಹಂಗಿದ್ರೆ ನಾನೇ ಬಿಚ್ತಿದ್ದೆ ಬಿಡ್ರಿ!" ಎಂದು ನಕ್ಕಳು. ನಂಬಿದಳು.

ಬೇಸಗೆಯಲ್ಲಿ ಅವಳ ಮೊಮ್ಮಗಳು ವಾಂತಿಭೇದಿಯಿಂದ ತೀರಿಕೊಂಡಳು. ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಊರಿಗೆ ಬಂದಾಗ ದುರುಗವ್ವ, ಬಾವಿ ಎಲ್ಲಿ ಎಂದು ಎಲ್ಲರೆದುರು ಕೇಳಿದಳು. ಅಂಥ ಬಿನ್ನಹವೇ ಬಂದಿಲ್ಲ ಎಂದರು ಅವರು. ಪಕ್ಕದಲ್ಲೇ ಕುರ್ಚಿಯ ಮೇಲಿದ್ದ ಅಜ್ಜ ರುಮಾಲು ತೆಗೆದು ಮಡಿಲಲ್ಲಿಟ್ಟು ಗಂಟು ಬಿಚ್ಚತೊಡಗಿದರು. ಉಗುರಿಗೂ ಹಲ್ಲಿಗೂ ಅದು ಸಡಿಲವಾಗಲಿಲ್ಲ ಎನ್ನುತ್ತಾರೆ. ಬಳಿಕ ತಮ್ಮ ಖರ್ಚಿನಲ್ಲೇ ಬಾವಿ ತೋಡಿಸಿ, ಬರಿತಲೆಯಲ್ಲಿ ನಿಂತು, ಮೊದಲ ಕೊಡ ನೀನೇ ಸೇದಬೇಕು ಎಂದು ಬೇಡಿಕೊಂಡರು. ದುರುಗವ್ವ ಹಗ್ಗ ಮುಟ್ಟಲಿಲ್ಲ. "ಕೇಳ್ತೀನಿ ಅಂದಿದ್ರಿ ಸಾವ್ಕಾರ್ರೇ, ಕೊಡ್ತೀನಿ ಅಂದಿದ್ದಿಲ್ಲ" ಎಂದಳಂತೆ. ಹೆಸರು ಬೇಡ, ಗಂಟು ಕೆತ್ತು ಎಂದು ಅಜ್ಜ ಕಲ್ಲುಕುಟಿಗನಿಗೆ ಹೇಳಿದ್ದು ಅಂದೇ.

ಈಗ ಹೋದವರಿಗೆ ಮೊದಲು ಕಾಣುವುದು ನಮ್ಮ ತಂದೆ ಹಾಕಿಸಿದ ಅಮೃತಶಿಲೆಯ ಫಲಕ: 'ಮಹಾದಾನಿ ನಂದ್ಯಪ್ಪನವರ ಧರ್ಮ.' ಓದಿ ಕೈಮುಗಿಯುತ್ತಾರೆ. ಬಗ್ಗಿ ಗಂಟು ನೋಡುವವರು ಕಡಿಮೆ. ಆ ಅಕ್ಷರ ಅಳಿಸುವ ಶಕ್ತಿ ನನ್ನಲ್ಲಿಲ್ಲ. ಪಮ್ಮೀ, ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವ ನೀನಾದರೂ ಸರಿಯಾಗಿ ಬರಿ ಮಗಳೇ: ಬಾವಿ ಕೇಳಿದವಳು ದುರುಗವ್ವ. ನಮ್ಮಜ್ಜ ಕೇಳಲಿಲ್ಲ.