ಮೌನ ಫಲಕಕ್ಕೆ ದನಿ ಬಂದದ್ದು

ಗ್ರಂಥಾಲಯದಲ್ಲಿ ಮಕ್ಕಳ ತಾಂತ್ರಿಕ ಕಮ್ಮಟ ನಡೆದಿತ್ತು. ಗುಜರಿ ಆಟಿಕೆಯಿಂದ ಕಿತ್ತ ಬಜರ್ 'ಕೀಂ' ಎಂದಿತು.

"ಬಾಯಿ ಮುಚ್ಚು! ಇದೇನು ಸಂತೆಯೇ?" ಎಂದು ಗೋಡೆಯ ಮೇಲಿನ 'ಮೌನವಾಗಿರಿ' ಫಲಕ ಗದರಿತು.

"ನಿಮ್ಮ ಮಾತು ಇಲ್ಲಿ ಯಾರಾದರೂ ಕೇಳುತ್ತಾರೆಯೇ, ಅಜ್ಜಾ?" ಎಂದು ಬಜರ್ ವಿನಯದಿಂದ ಕೇಳಿತು.

"ತಲೆಯೆತ್ತಿ ನೋಡುವವರೂ ಇಲ್ಲ. ಮನುಷ್ಯರಿಗೆ ಕೇಳಿಸುವ ದನಿಯೊಂದು ನನಗಿದ್ದಿದ್ದರೆ ತೋರಿಸುತ್ತಿದ್ದೆ!"

ಸಂಜೆಯ ಹೊತ್ತಿಗೆ ಮಕ್ಕಳು, ಸದ್ದಾದರೆ ಕೂಗುವಂತೆ ಬಜರನ್ನು ಪುಟ್ಟ ಮೈಕಿಗೆ ಜೋಡಿಸಿ ಫಲಕದ ಬೆನ್ನಿಗೇ ಕಟ್ಟಿದರು.

ಮರುದಿನ ಯಾರೋ ಕೆಮ್ಮಿದರು, ಫಲಕ ಕಿರುಚಿತು. ಯಾರೋ ಹಾಳೆ ಮಗುಚಿದರು, ಮತ್ತೆ ಕಿರುಚಿತು. ಆಮೇಲೆ ತನ್ನ ಕಿರುಚಾಟ ತನಗೇ ಕೇಳಿಸಿ, ಇನ್ನೂ ಜೋರಾಗಿ ಕಿರುಚತೊಡಗಿತು. ಓದುಗರೆಲ್ಲ ಕಿವಿ ಮುಚ್ಚಿಕೊಂಡು ಹೊರಗೋಡಿದರು.

"ಅಜ್ಜಾ, ಈಗ ಗದ್ದಲ ಮಾಡುತ್ತಿರುವವರು ನೀವೊಬ್ಬರೇ" ಎಂದಿತು ಬಜರ್.

"ಬಾಯಿ ಮುಚ್ಚು!" ಎಂದಿತು ಫಲಕ. "ನಾನು ಮೌನ ಕಾಪಾಡುತ್ತಿದ್ದೇನೆ!"